ಹೇನಾರೆಯ ಜೇಬಿನ ಸದ್ದು

ಮೂರನೆಯ ಸಲವೂ ಮುಚ್ಚಳ ಕೂರಲಿಲ್ಲ. ಕುಲದವರ ಸಭಾಮನೆಯ ಅಡುಗೆಕೋಣೆಯ ಹಿಂದೆ, ಗ್ಯಾಸ್ ಸಿಲಿಂಡರುಗಳಿಗೂ ಗೆಣಸಿನ ಮೂಟೆಗಳಿಗೂ ನಡುವೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ರೋಪಾಟ, ಸತ್ತವನ ವೇಪನ್ನು, ಎಂದರೆ ಬ್ಯಾಟರಿಯಿಂದ ಹೊಗೆ ಬಿಡುವ ಸಿಗರೇಟು ಕೊಳವೆಯನ್ನು, ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದ. ಏನೂ ಸುತ್ತದೆ ಹಾಕಿದರೆ ಬ್ಯಾಟರಿ ಒಳಗೆ ಗಡಗಡ ಅಲ್ಲಾಡುತ್ತಿತ್ತು. ಸುತ್ತಿ ಹಾಕಿದರೆ ಅರ್ಧಕ್ಕೆ ಸಿಕ್ಕಿಕೊಂಡು, ಬಾಲ ಹೊರಗಿಟ್ಟು ಇವನನ್ನು ಅಣಕಿಸುತ್ತಿತ್ತು. ಸುತ್ತಲು ಅವನ ಬಳಿ ಇದ್ದದ್ದು ಕಿವಿಫ್ರೂಟ್ ಹಣ್ಣಿಗೆ ಅಂಟಿಸುವ ಪುಟ್ಟ ಸ್ಟಿಕ್ಕರುಗಳು ಮಾತ್ರ. ಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಸರಕೆತ್ತುವ ಫೋರ್ಕ್‌ಲಿಫ್ಟ್ ಓಡಿಸುವವನ ಯಾವ ಜೇಬಿಗೆ ಕೈ ಹಾಕಿದರೂ ಅವು ಸಿಗುತ್ತವೆ. ಮದುವೆಗೆಂದು ಹೊಲಿಸಿ ಸಾವಿಗಷ್ಟೇ ತೊಡುವ ಈ ಕಪ್ಪು ಕೋಟಿನ ಜೇಬಿನಲ್ಲೂ ಸಿಕ್ಕವು. ಒಂದು ಪದರ ಕಿತ್ತ. ಉಗುರಿನ ಸಂದಿಯಲ್ಲಿ ಗೋಂದು ಮೆತ್ತಿಕೊಂಡಿತು. ಐವತ್ತೊಂದು ವರ್ಷದ ಗಂಡಸು, ಅಣ್ಣನ ಹೆಣ ಜಗಲಿಯಲ್ಲಿರುವಾಗ, ಹಿತ್ತಲಲ್ಲಿ ಕುಳಿತು ಬ್ಯಾಟರಿಗೆ ಲಂಗೋಟಿ ಕಟ್ಟುತ್ತಿದ್ದಾನೆ ಎಂದು ಅವನಿಗೇ ಅನಿಸಿತು. ಅನಿಸಿದರೂ ಕಟ್ಟಿದ.

ಹೇನಾರೆ ದೊಡ್ಡಪ್ಪನ ಮಗ, ಆದರೆ ಇವರಲ್ಲಿ ದೊಡ್ಡಪ್ಪನ ಮಗನೆಂದರೆ ಅಣ್ಣನೇ. ಶಾಲೆಯ ಬಸ್ಸು ಓಡಿಸುತ್ತಿದ್ದ. ಬುಧವಾರ ಸಂಜೆ ಮಕ್ಕಳನ್ನೆಲ್ಲ ಇಳಿಸಿ, ಬಸ್ಸನ್ನು ಶೆಡ್ಡಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಸತ್ತ. ಶಿಸ್ತಿನ ಮನುಷ್ಯ. ಬಸ್ಸು ಓಡಿಸದಿದ್ದಾಗ ಈ ಸಭಾಮನೆಯ ಮಾತುಗಾರ. ಬೀಗರು ಬರಲಿ, ಮಂತ್ರಿ ಬರಲಿ, ಹೆಣ ಬರಲಿ, ಅಂಗಳದ ಬದಿಯ ಉದ್ದನೆಯ ಬೆಂಚಿನಿಂದ ಮೊದಲು ಏಳುವವನು ಅವನು. ಏಳುವ ಮುಂಚೆ ಇದೇ ಸಿಲಿಂಡರುಗಳ ಸಂದಿಗೆ ಬಂದು ವೇಪನ್ನು ಬಾಯಿಗಿಟ್ಟು ಒಂದೇ ಒಂದು ಉದ್ದನೆಯ ಎಳೆತ ಎಳೆಯುತ್ತಿದ್ದ. ಆಮೇಲೆ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೋಗಿ ಎದ್ದು ನಿಂತರೆ, ಹಿರಿಯರ ಭಾಷೆಯಲ್ಲಿ ಮಾತಿನ ಮೇಲೆ ಮಾತು, ಗಾದೆಯ ಮೇಲೆ ಗಾದೆ. ಮಾತಾಡುತ್ತ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುವುದು ಪದ್ಧತಿ. ಹೋದ ಚಳಿಗಾಲದಿಂದ ಹೇನಾರೆ ಓಡಾಡಿದಂತೆಲ್ಲ ಜೇಬಿನಲ್ಲಿ ಬ್ಯಾಟರಿ ಗಡಗಡ ಎನ್ನುತ್ತಿತ್ತು. ಜನಕ್ಕೆ ಆ ಸದ್ದು ಎಷ್ಟು ರೂಢಿಯಾಗಿತ್ತೆಂದರೆ, ಅಡುಗೆಯವರು ಅದನ್ನು ಕೇಳಿಯೇ ಆಲೂಗಡ್ಡೆಗೆ ನೀರಿಡುತ್ತಿದ್ದರು.

"ಹೊಸ ಬ್ಯಾಟರಿ ತಂದುಕೊಡ್ಲಾ ಅಣ್ಣ?" ಎಂದು ರೋಪಾಟ ಒಮ್ಮೆ ಕೇಳಿದ್ದ. "ಬೇಡ ಬೇಡ," ಎಂದಿದ್ದ ಹೇನಾರೆ, ಕೊಂಚ ಜಾಸ್ತಿಯೇ ಅವಸರದಲ್ಲಿ. "ಕೂರೋದು ಒಂದು ಕಲೆ ಕಣೋ. ಸಡಿಲ ಇದ್ರೆ ಸ್ವಲ್ಪ ಕಾಗದ ಸುತ್ತು. ತಾಗದಿದ್ರೆ ಸ್ಪ್ರಿಂಗ್ ಎಳಿ. ನಿನ್ನ ಬಾಯಿಗೂ ಅದೇ ಮದ್ದು."

ಇವನ ಬಾಯಿಯ ಕತೆ ಬೇರೆ. ಇವನ ಅಪ್ಪ ಶಾಲೆಯಲ್ಲಿ ಇಂಗ್ಲಿಷಿನ ಬದಲು ಹಿರಿಯರ ಭಾಷೆಯಾಡಿ ಬೆತ್ತದೇಟು ತಿಂದವನು. ತಿಂದ ಏಟನ್ನು ಮಕ್ಕಳಿಗೆ ದಾಟಿಸಬಾರದೆಂದು ಭಾಷೆಯನ್ನೇ ದಾಟಿಸಲಿಲ್ಲ. ತಲೆ ನರೆತ ಮೇಲೆ ರೋಪಾಟ ಅದನ್ನು ಕಲಿಯಲು ಒಪೋಟಿಕಿ ಪೇಟೆಯ ಸಂಜೆಶಾಲೆಗೆ ಸೇರಿದ. ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತು, ಬೆಕ್ಕು ಚಾಪೆಯ ಮೇಲಿದೆ, ನಾಯಿ ಚಾಪೆಯ ಮೇಲಿಲ್ಲ ಎಂದು ಹೇಳಿದ. ಮೇಷ್ಟ್ರು ದಕ್ಷಿಣದ ಕಡೆಯವನು. ಮಾತುಗಾರ ಮೊದಲು ತನ್ನೂರಿನ ಬೆಟ್ಟಕ್ಕೂ ಹೊಳೆಗೂ ಹೆಸರು ಹಿಡಿದು ನಮಸ್ಕಾರ ಹೇಳಬೇಕು; ಸ್ವಾಗತದ ಮಾತು ಹೇಗಿರಬೇಕೆಂದು ತನ್ನದೇ ಊರಿನ ಮಾದರಿಯೊಂದನ್ನು ಹೇಳಿಕೊಟ್ಟಿದ್ದ. ರೋಪಾಟ ಅದನ್ನು ಫೋರ್ಕ್‌ಲಿಫ್ಟಿನ ಮೇಲೆ ಕುಳಿತು ಹಣ್ಣಿನ ಬುಟ್ಟಿಗಳಿಗೆ ಒಪ್ಪಿಸಿ ಒಪ್ಪಿಸಿ ಬಾಯಿಪಾಠ ಮಾಡಿದ. ಈಸ್ಟರಿನಲ್ಲಿ ಹೇನಾರೆ ಅವನನ್ನು ಬೆನ್ನು ತಟ್ಟಿ ಎಬ್ಬಿಸಿದ ದಿನ, ನೆಂಟರೆಲ್ಲರ ಎದುರು, ತನ್ನ ಬೆಟ್ಟಕ್ಕೆ ನಮಸ್ಕಾರ ಎಂದು ಎದೆ ಸೆಟೆಸಿ ಕೂಗಿದ. ಕೂಗಿದ್ದು ಮೇಷ್ಟ್ರ ಬೆಟ್ಟದ ಹೆಸರು. ಇವನ ಸ್ವಂತ ಬೆಟ್ಟ ಬೆನ್ನ ಹಿಂದೆಯೇ ನಿಂತು, ಪರಊರಿನ ಗುಡ್ಡವೊಂದು ತನ್ನ ನಮಸ್ಕಾರ ಹೊಡೆದುಕೊಂಡು ಹೋದದ್ದನ್ನು ನೋಡಿತು. ಮುಂದಿನ ವಾಕ್ಯಕ್ಕೆ ಬಾಯಿ ತೆರೆಯುವಷ್ಟರಲ್ಲಿ ಪಾರೆ ಅತ್ತೆ ಎದ್ದಿದ್ದಳು. ಪಾರೆ ಅತ್ತೆ ಎದ್ದರೆ ಹೆಂಗಸರೆಲ್ಲ ಏಳುತ್ತಾರೆ. ಹೆಂಗಸರು ಎದ್ದರೆ ಹಾಡು. ಹಾಡು ಶುರುವಾದರೆ ಎಂಥ ಮಾತುಗಾರನಾದರೂ ಬಾಯಿ ಮುಚ್ಚಿ ಕೂರಬೇಕು. ಒಳ್ಳೆಯ ಮಾತಿಗೆ ಹಾಡು ಕೊನೆಯಲ್ಲಿ ಬಂದು ತಲೆ ನೇವರಿಸುತ್ತದೆ, ಕೆಟ್ಟ ಮಾತಿಗೆ ನಡುವೆಯೇ ಬಂದು ಕತ್ತು ಹಿಸುಕುತ್ತದೆ. ಅವತ್ತು ಅವನು ಇಂಗು ತಿಂದ ಮಂಗನ ಹಾಗೆ ಹಾಡು ಮುಗಿಯುವತನಕ ಅಂಗಳದ ನಡುವೆ ನಿಂತಿದ್ದ. ಆಮೇಲೆ ಊಟಕ್ಕೆ ಕುಳಿತಾಗ ಯಾರೋ ಬೆಣ್ಣೆ ದಾಟಿಸುತ್ತ, "ದಕ್ಷಿಣದವರು ಬೆಣ್ಣೆ ತಿಂತಾರಾ?" ಎಂದು ಕೇಳಿದ್ದರು.

ಆಗಲೂ ಹೇನಾರೆ ನಗಲಿಲ್ಲ. ಇದೇ ಹಿತ್ತಲಿಗೆ ಕರೆತಂದು, "ನಾನು ಸತ್ತಾಗ ನನ್ನ ಪೆಟ್ಟಿಗೆ ಮುಂದೆ ಎರವಲು ಬಾಯಿ ತಂದು ನಿಲ್ಲಿಸಬ್ಯಾಡ್ರಪ್ಪ," ಎಂದಿದ್ದ. "ನಮ್ಮ ಬೆಂಚಲ್ಲಿ ನಮ್ಮವನು ಒಬ್ಬನಾದ್ರೂ ಇರ್ಲಿ." ಈಗ ಬೆಂಚಿನಲ್ಲಿ ಉಳಿದಿರುವುದು ಕಿವಿ ಕೇಳಿಸದ ಮುದುಕನೊಬ್ಬ ಮತ್ತು ರೋಪಾಟ. ಇವತ್ತೂ ಅರ್ಧದಲ್ಲಿ ಹಾಡು ಬಿದ್ದರೆ, ಮಣ್ಣು ಮಾಡುವ ನಾಳೆಯ ದಿನಕ್ಕೆ ಪಕ್ಕದ ಕಣಿವೆಯಿಂದ ಮಾತುಗಾರರನ್ನು ಎರವಲು ತರುವುದೆಂದು ಹಿರಿಯರಲ್ಲಿ ಆಗಲೇ ಗುಸುಗುಸು ಆಗಿತ್ತು. ಅದು ರೋಪಾಟನ ಕಿವಿಗೂ ಬಿದ್ದಿತ್ತು. ಅದಕ್ಕೇ ಅವನು ಕದ್ದ.

ವೇಪಿನ ಚಟ ಅವನಿಗೆ ಇರಲಿಲ್ಲ. ಬೇಕಾಗಿದ್ದದ್ದು ಹೊಗೆಯಲ್ಲ, ಹೇನಾರೆಯ ಆ ಒಂದು ಎಳೆತ. ಬೆಳಿಗ್ಗೆ ಅತ್ತಿಗೆ ಹೂಯಾ ಪೆಟ್ಟಿಗೆಯ ಪಕ್ಕ ಕುಳಿತು ಗಂಡನ ಸಾಮಾನುಗಳನ್ನು ಬುಟ್ಟಿಗೆ ತುಂಬುತ್ತಿದ್ದಳು: ಟೋಪಿ, ಕನ್ನಡಕ, ಹಲ್ಲುಸೆಟ್ಟು, ಹಾರ್ಮೋನಿಕಾ. ಸತ್ತವನ ಬಾಯಿಗೆ ತಾಗಿದ ವಸ್ತು ಬದುಕಿದವರ ಕೈಗೆ ಬರಬಾರದು, ಅವನ ಜೊತೆಗೇ ಮಣ್ಣಿಗೆ ಹೋಗಬೇಕು. ಮಕ್ಕಳಿಗೂ ಗೊತ್ತಿರುವ ಮಾತು. ಯಾರೋ ಪದ್ಧತಿಯಂತೆ ಮೂಗಿಗೆ ಮೂಗು ತಾಗಿಸಿ ಅಳಲು ಬಂದರು, ಹೂಯಾ ಅತ್ತ ತಿರುಗಿದಳು, ರೋಪಾಟನ ಕೈ ಬುಟ್ಟಿಗೆ ಹೋಗಿ ಬಂತು. ಅಷ್ಟೆ. ಕೈ ತನ್ನದಲ್ಲವೆಂಬಂತೆ ಅದನ್ನು ಜೇಬಿಗಿಟ್ಟುಕೊಂಡು ಆಚೆ ಬಂದ. ಪೆಟ್ಟಿಗೆಯೊಳಗೆ ಹೇನಾರೆ ಕಣ್ಣು ಮುಚ್ಚಿಕೊಂಡಿದ್ದ, ಆದರೆ ಅವನು ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಪುಂಡರನ್ನು ಹಿಡಿಯುತ್ತಿದ್ದದ್ದೂ ಹೀಗೇ ಏನೂ ನೋಡದವನ ಹಾಗೆ.

"ಏನೋ ಇದು, ಮೂತ್ರಕ್ಕೆ ಕೂತಂಗೆ ಕೂತಿದೀಯ?"

ಮೋಹಿ. ಅಡುಗೆಕೋಣೆಯ ಯಜಮಾನ, ಚಿಕ್ಕಪ್ಪನ ಮಗ, ಏಪ್ರನ್ನಿನ ಮೇಲೆ ಹಂದಿಯ ಕೊಬ್ಬು. ರೋಪಾಟ ವೇಪನ್ನು ಕೋಟಿನೊಳಗೆ ತುರುಕಿದ.

"ಉಸಿರು ತಗೋತಿದ್ದೆ."

"ತಗೋ ತಗೋ. ನಂಗಂತೂ ಉಸಿರೇ ನಿಂತುಹೋಯ್ತು. ಹೇನಾರೆಯ ಗಡಗಡ ವೇಪು ಕಾಣಿಸ್ತಿಲ್ಲವಂತೆ. ಹೂಯಾ ಅತ್ತಿಗೆ ಬುಟ್ಟಿ ಬೋರಲು ಹಾಕಿ ಕೂತವಳೆ. ಹೆಂಗಸ್ರು ಬಂದು ಮೊದಲು ಯಾರ ಜೇಬು ತಡಕಿದ್ರು ಹೇಳು?"

"ಯಾರದು?"

"ಇನ್ಯಾರದು! ಇಪ್ಪತ್ತು ವರ್ಷದ ಹಿಂದೆ ಒಂದು ಕಾರಿನ ರೇಡಿಯೋ ಎತ್ತಿದ್ದೆ, ಇವತ್ತಿಗೂ ಊರಲ್ಲಿ ಒಂದು ಚಮಚ ಕಳೆದ್ರೆ ನನ್ನ ಜೇಬು. ಹೆಣದ ಸಾಮಾನು ಕದಿಯೋಷ್ಟು ಹಡಬೆ ಅಲ್ಲ ಕಣೋ ನಾನು. ರೇಡಿಯೋ ಬೇರೆ, ಇದು ಬೇರೆ." ಮೋಹಿ ಏಪ್ರನ್ನಿನಿಂದ ಮೂಗು ಒರೆಸಿಕೊಂಡ, ಹಂದಿಯ ಕೊಬ್ಬು ಮೂಗಿಗೆ ಹತ್ತಿತು. "ಅಣ್ಣ ಕಣೋ ನಂಗೂ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ರೋಪಾಟ ಅಲ್ಲ. ಅವನು ಕೋಟಿನ ಜೇಬು ಮುಟ್ಟಿ ನೋಡಿಕೊಂಡ. ಈಗಲೇ ತೆಗೆದು ಕೊಟ್ಟುಬಿಡಬೇಕು ಎಂದುಕೊಂಡ. ಆದರೆ ನಾಲಿಗೆ ಹೊರಳಿ, "ಅಲ್ಲೇ ಎಲ್ಲೋ ಬಿದ್ದಿರತ್ತೆ ಬಿಡು," ಎಂದಿತು. ಮೋಹಿ ತಲೆ ಅಲ್ಲಾಡಿಸಿ, ಭೂಮಿಯೊಳಗೆ ಬಿಸಿಗಲ್ಲಿನ ಮೇಲೆ ಹೂತಿಟ್ಟ ಮಾಂಸ ತೆಗೆಯುವ ಹೊತ್ತಾಯಿತೆಂದು ಹೋದ. ಅವನ ಬೆನ್ನನ್ನೇ ನೋಡುತ್ತ ಕುಳಿತ ರೋಪಾಟನಿಗೆ ತನ್ನ ಬಗ್ಗೆ ಶುದ್ಧ ಅಸಹ್ಯ ಹುಟ್ಟಿತು. ಅಸಹ್ಯ ಪಡುತ್ತಲೇ ವೇಪು ಹೊರತೆಗೆದ.

ಎರಡು ಪದರ ಸರಿಯಾಯಿತು. ಬ್ಯಾಟರಿ ಬಿಗಿಯಾಗಿ, ಆದರೆ ಜಗಳವಾಡದೆ ಒಳಗೆ ಇಳಿಯಿತು. ಅಲ್ಲಾಡಿಸಿದ, ಸದ್ದಿಲ್ಲ. ಈಗ ಉದ್ದ ಸಾಲದು, ತುದಿ ಸ್ಪ್ರಿಂಗಿಗೆ ತಾಗುತ್ತಿಲ್ಲ. ನೆಲದಲ್ಲಿ ಬಿದ್ದಿದ್ದ ಫೋರ್ಕಿನ ಮುಳ್ಳಿನಿಂದ ಸ್ಪ್ರಿಂಗನ್ನು ಒಂದಿಷ್ಟು ಎಳೆದ. ಹೆಚ್ಚು ಎಳೆದರೆ ಸತ್ತೇಹೋಗುತ್ತದೆ, ಕಡಿಮೆಯಾದರೆ ಮುಟ್ಟುವುದಿಲ್ಲ. ನಾಲಿಗೆಯನ್ನು ಹಲ್ಲಿನ ಸಂದಿಯಲ್ಲಿ ಕಚ್ಚಿಕೊಂಡು ಮಾಡಿದ ಈ ಕೆಲಸದಲ್ಲಿ ಅವನು ಅಣ್ಣನ ಸಾವನ್ನು ಒಂದು ಗಳಿಗೆ ಪೂರ್ತಿ ಮರೆತಿದ್ದ, ಮತ್ತು ಹಾಗೆ ಮರೆತದ್ದರಲ್ಲಿ ಸುಖವಿತ್ತು. ಮುಚ್ಚಳ ಕಟ್ ಎಂದು ಕೂತಿತು. ಗುಂಡಿ ಒತ್ತಿದ. ಪುಟ್ಟ ದೀಪ ಒಮ್ಮೆ ಮಿಣುಕಿ ಆರಿತು. ಇನ್ನೊಮ್ಮೆ ಒತ್ತಿದರೆ ಇಲ್ಲ. ಬಾಯಿಯ ಕೊಳವೆಯನ್ನು ಮೂಗಿಗೆ ಹಿಡಿದ. ಫೀಜೋವಾ ಹಣ್ಣಿನ ವಾಸನೆ, ಹೇನಾರೆಯ ವಾಸನೆ, ಬಂತೋ ಬಂದಂತೆ ಅನಿಸಿತೋ ತಿಳಿಯಲಿಲ್ಲ.

"ಏನದು ಕೈಯಲ್ಲಿ?"

ಪಾರೆ ಅತ್ತೆ ಕೊಳಾಯಿಯಲ್ಲಿ ಕೈ ತೊಳೆಯಲು ಬಂದಿದ್ದಳು. ತಲೆಗೆ ಹಸಿರೆಲೆಯ ಸುತ್ತು, ಕಾಲಿಗೆ ಗಂಡಸರ ಗಂಬೂಟು.

"ಏನಿಲ್ಲ ಅತ್ತೆ."

"ಏನಿಲ್ಲದ್ದನ್ನ ಇಷ್ಟು ಭದ್ರವಾಗಿ ಹಿಡ್ಕೊಂಡಿರೋನನ್ನ ಇವತ್ತೇ ನೋಡಿದ್ದು ನಾನು." ಕೈಯ ನೀರನ್ನು ಅವನ ತಲೆಯ ಮೇಲೆ ಚಿಮುಕಿಸಿದಳು, ಮೈಲಿಗೆ ಕಳೆಯುವುದಕ್ಕೋ ಕೈ ಒಣಗಿಸುವುದಕ್ಕೋ ಅವಳಿಗೇ ಗೊತ್ತು. "ಟೌರಂಗಾದ ನೆಂಟರು ಗೇಟಿಗೆ ಬಂದವರೆ. ಮುದುಕ ಮೊದಲು, ಆಮೇಲೆ ನೀನು. ಬೆಟ್ಟ ಯಾವುದು, ನೆನಪಿದೆ ತಾನೆ?"

"ಇದೆ."

"ಮರೆತ್ರೆ ಹಿಂದೆ ತಿರುಗಿ ನೋಡು. ಅಲ್ಲೇ ಇರತ್ತೆ." ಎರಡು ಹೆಜ್ಜೆ ಹೋಗಿ ನಿಂತಳು. "ನೋಡು ಮಗ, ನಂಗೇನು ಮಧ್ಯದಲ್ಲಿ ಹಾಡೋಕೆ ಆಸೆ ಇಲ್ಲ. ಗಂಟಲು ನೋಯತ್ತೆ. ಆದ್ರೆ ನೀನು ಅವನ ಮುಂದೆ ನಿಂತು ಬೆಬ್ಬೆಬ್ಬೆ ಅಂತಿದ್ರೆ ನಾನು ನೋಡ್ಕೊಂಡು ಕೂರಲ್ಲ."

ಅವಳು ಹೋದಳು. ಇದೇ ಕೊನೆಯ ಗಳಿಗೆ ಎಂದು ರೋಪಾಟ ಕೊಳವೆಯನ್ನು ಬಾಯಿಗಿಟ್ಟು ಹೇನಾರೆಯ ಹಾಗೆಯೇ ಕಣ್ಣು ಮುಚ್ಚಿ ಉದ್ದಕ್ಕೆ ಎಳೆದ. ಬಂದದ್ದು ಬರೀ ಗಾಳಿ. ಅದೂ ಗೆಣಸಿನ ಮಣ್ಣಿನ ವಾಸನೆಯ ಗಾಳಿ. ಅಂಗಳದಿಂದ ಹೆಂಗಸಿನ ಉದ್ದನೆಯ ಕರೆ ಎದ್ದಿತು, ಗೇಟಿನಲ್ಲಿ ನಿಂತ ಜೀವಂತರನ್ನೂ ಅವರ ಬೆನ್ನಿಗೆ ಬಂದ ಸತ್ತವರನ್ನೂ ಒಟ್ಟಿಗೆ ಒಳಗೆ ಕರೆಯುವ ಕರೆ. ವೇಪನ್ನು ಜೇಬಿಗೆಸೆದು ಓಡಿದ.

ಬೆಂಚಿನ ಮೇಲೆ ಹೇನಾರೆಯ ಜಾಗ ಖಾಲಿ ಇತ್ತು. ರೋಪಾಟ ಅದರ ಪಕ್ಕದಲ್ಲಿ, ಒಂದೇ ಪೃಷ್ಠದ ಮೇಲೆ ಕುಳಿತ. ಎದುರಿಗೆ ಟೌರಂಗಾದವರು, ಅವರ ಮಾತುಗಾರರು ನಾಲ್ವರು, ನಾಲ್ವರಿಗೂ ಕೆತ್ತಿದ ಕೋಲು, ಹೊಳೆಯುವ ಬೂಟು. ಬಲಕ್ಕೆ ಸಭಾಮನೆಯ ಜಗಲಿಯಲ್ಲಿ ತೆರೆದ ಪೆಟ್ಟಿಗೆ, ಸುತ್ತ ಕಪ್ಪುಡುಗೆಯ ಹೆಂಗಸರು, ತಲೆ ತಗ್ಗಿಸಿದ ಹೂಯಾ. ಹೂಯಾಳ ಮಡಿಲಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಒಂದು ವಸ್ತು ಕಡಿಮೆ. ಮುದುಕ ಎದ್ದು ತನಗೇ ಕೇಳಿಸದ ದನಿಯಲ್ಲಿ ತುಂಬ ಚೆನ್ನಾಗಿ ಮಾತಾಡಿದ. ಹಾಡು ಕೊನೆಯಲ್ಲಿ ಬಂತು. ಮುದುಕ ಕುಳಿತ. ಎಲ್ಲರೂ ರೋಪಾಟನನ್ನು ನೋಡಿದರು.

ಎದ್ದ. ಬೆಟ್ಟದ ಹೆಸರು ಸರಿಯಾಗಿ ಬಂತು. ಹೊಳೆಯ ಹೆಸರೂ ಬಂತು. ಎದುರಿನವರಲ್ಲೊಬ್ಬ ತಲೆದೂಗಿದ. ರೋಪಾಟ ಅಂಗಳದಲ್ಲಿ ಹೆಜ್ಜೆ ಹಾಕತೊಡಗಿದ, ಆರು ಹೆಜ್ಜೆ ಅತ್ತ, ತಿರುಗು, ಇತ್ತ. ಸಂಜೆಶಾಲೆಯ ವಾಕ್ಯಗಳು ಫೋರ್ಕ್‌ಲಿಫ್ಟಿನ ಬುಟ್ಟಿಗಳ ಹಾಗೆ ಒಂದರ ಹಿಂದೊಂದು ಬಂದವು. ಸತ್ತವನ ಕಡೆಗೆ ತಿರುಗಿ, ಹೋಗು ಅಣ್ಣ, ಹೋಗು, ಎನ್ನುವಲ್ಲಿಗೆ ಬಂದು ಪೆಟ್ಟಿಗೆಯನ್ನು ನೋಡಿದ. ಹೇನಾರೆಯ ಮೂಗು ಕಾಣಿಸಿತು. ಚಿಕ್ಕಂದಿನಲ್ಲಿ ಸೇತುವೆಯ ಮೇಲಿಂದ ಹೊಳೆಗೆ ಹಾರುವಾಗ ಮೊದಲು ಆ ಮೂಗನ್ನು ಹಿಡಿದುಕೊಂಡು ಹಾರುತ್ತಿದ್ದವನು ಹೇನಾರೆ, ಹಿಂದೆಯೇ ಇವನು. ನೀನು ಹಾರು ನಾನಿದ್ದೀನಿ ಎಂದು ಕೆಳಗಿನಿಂದ ಕೂಗುತ್ತಿದ್ದ. ಈಗ ಕೂಗುವುದಿಲ್ಲ. ಮುಂದಿನ ವಾಕ್ಯ ಏನಿತ್ತು? ಬೆಕ್ಕು ಚಾಪೆಯ ಮೇಲಿದೆ. ಅದಲ್ಲ. ಬಾಯಿ ತೆರೆದುಕೊಂಡೇ ಹೆಜ್ಜೆ ಹಾಕಿದ. ಕೋಟಿನೊಳಗೆ ಬೆವರು ಹರಿಯುತ್ತಿತ್ತು. ಅಂಗೈಯನ್ನು ಜೇಬಿನ ಮೇಲೆ ಒತ್ತಿದ, ಹೇನಾರೆ ಒತ್ತುತ್ತಿದ್ದ ಹಾಗೆ. ಒಳಗೆ ಏನೋ ಕಟ್ ಎಂದಿತು. ಮುಂದಿನ ಹೆಜ್ಜೆಗೆ ಮುಚ್ಚಳ ಬಿಟ್ಟುಕೊಂಡು, ಬೆವರಿಗೆ ಜಾರಿದ ಸ್ಟಿಕ್ಕರಿನ ಲಂಗೋಟಿಯೊಳಗಿಂದ ಬ್ಯಾಟರಿ ಸಡಿಲಾಯಿತು.

ಗಡಗಡ.

ಅಂಗಳದಲ್ಲಿ ಅಳುತ್ತಿದ್ದವರು ಅಳು ನಿಲ್ಲಿಸಿದರು. ಅವನು ನಿಲ್ಲಬೇಕೆಂದುಕೊಂಡ, ಕಾಲುಗಳು ಕೇಳಲಿಲ್ಲ, ಇನ್ನೆರಡು ಹೆಜ್ಜೆ ಹಾಕಿಯೇಬಿಟ್ಟವು: ಗಡಗಡ, ಗಡಗಡ. ಯಾವುದೋ ಮುದುಕಿ, "ಬಂದ! ಹೇನಾರೆ ಬಂದ!" ಎಂದು ಚೀರಿದಳು. ಅಡುಗೆಕೋಣೆಯ ಬಾಗಿಲಿಗೆ ಮೋಹಿ ಓಡಿಬಂದ, ರೂಢಿಯಂತೆ ಕೈಯಲ್ಲಿ ನೀರಿನ ಪಾತ್ರೆ. ಪಾರೆ ಅತ್ತೆ ಎರಡೂ ಕೈಗಳನ್ನು ಮಂಡಿಗೂರಿ, ಹೆಂಗಸರ ಸಾಲಿನಿಂದ ಅರ್ಧ ಎದ್ದಳು. ಹೂಯಾ ತಗ್ಗಿಸಿದ್ದ ತಲೆಯೆತ್ತಿ, ಜನವನ್ನಲ್ಲ, ಆಕಾಶವನ್ನಲ್ಲ, ರೋಪಾಟನ ಕೋಟಿನ ಜೇಬನ್ನು ನೋಡಿದಳು.

"ರೋಪಾಟ."

ಪೆಟ್ಟಿಗೆಯ ಪಕ್ಕ ಕುಳಿತವಳು ಮಾತಾಡುವ ಪದ್ಧತಿ ಇಲ್ಲ. ಟೌರಂಗಾದವರ ಕೋಲುಗಳು ಮಿಸುಕಿದವು.

"ಅತ್ತಿಗೆ."

"ಅದು ನನ್ನ ಟಾರ್ಚಿನ ಬ್ಯಾಟರಿ ಕಣೋ."

ರೋಪಾಟನಿಗೆ ಅರ್ಥವಾಗಲಿಲ್ಲ. ಯಾರಿಗೂ ಆಗಲಿಲ್ಲ.

"ಡಾಕ್ಟರು ಇನ್ನು ಹೊಗೆ ಬೇಡ ಅಂದ ದಿನ ಅದರ ಬ್ಯಾಟರಿ ತೆಗೆದು ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟೆ. ಈ ಮುಠ್ಠಾಳ," ಎಂದು ಪೆಟ್ಟಿಗೆಯ ಅಂಚಿಗೆ ಬಡಿದಳು, "ಕೋಳಿಗೂಡಿನ ಟಾರ್ಚಿಂದ ಕದ್ದು ತುರುಕಿಕೊಂಡ. ಟಾರ್ಚಿಂದು ತೆಳ್ಳಗೆ, ಇದರ ಹೊಟ್ಟೆ ದಪ್ಪ. ಎಲ್ಲಿ ಕೂರತ್ತೆ! ಹೋದ ಚಳಿಗಾಲದಿಂದ ಅದು ಹೊತ್ತಿಕೊಂಡೇ ಇಲ್ಲ. ಬರೀ ಗಾಳಿ ಎಳೀತಿದ್ದ."

"ಆದ್ರೆ ನಾನು ಹೊಗೆ ನೋಡಿದೀನಿ..." ಎಂದ ರೋಪಾಟ, ಅಂಗಳದ ನಡುವೆ, ದಿನಬಳಕೆಯ ಮಾತಿನಲ್ಲಿ. ಹೇಳುತ್ತಿದ್ದಂತೆಯೇ ಆ ಹೊಗೆ ಅವನಿಗೆ ನೆನಪಾಯಿತು: ಸಿಲಿಂಡರುಗಳ ಸಂದಿ, ತಲೆಯ ಮೇಲೆಯೇ ಅಡುಗೆಕೋಣೆಯ ಕಿಟಕಿ, ಅದರಿಂದ ಹೊರಬೀಳುವ ಕುದಿಪಾತ್ರೆಗಳ ಹಬೆ.

"ಎದ್ದು ನಿಲ್ಲೋ ಮುಂಚೆ ಕಾಲು ನಡುಗೋದು ಅವನಿಗೆ," ಎಂದಳು ಹೂಯಾ. "ಮೂವತ್ತು ವರ್ಷ. ಯಾರಿಗೂ ಹೇಳ್ಬೇಡ ಅಂದಿದ್ದ. ಈಗ ಹೇಳಿದೀನಿ, ಎದ್ದು ಬಂದು ಹೊಡೀಲಿ."

ಮೊದಲು ನಕ್ಕದ್ದು ಮೋಹಿ. "ಕಳ್ಳ!" ಎಂದು ಬಾಗಿಲಿನಿಂದ ಕೂಗಿದ, ಪಾತ್ರೆಯ ನೀರು ಚೆಲ್ಲುತ್ತ, ಮುಖದ ತುಂಬ ಸಂತೋಷ. "ನನ್ನ ಜೇಬು ತಡಕಿದ್ರಲ್ಲ! ಅಗೋ ಕಳ್ಳ! ಅಲ್ಲೊಬ್ಬ, ಪೆಟ್ಟಿಗೆಯೊಳಗೊಬ್ಬ!" ನಗು ಅಂಗಳ ದಾಟಿ ಟೌರಂಗಾದವರ ಹೊಳೆಯುವ ಬೂಟುಗಳವರೆಗೂ ಹೋಯಿತು. ಕಿವುಡು ಮುದುಕ ಏನಾಯಿತೆಂದು ಪಕ್ಕದ ಖಾಲಿ ಜಾಗವನ್ನು ಕೇಳಿದ.

ರೋಪಾಟ ಜಗಲಿಯ ಬಳಿ ಹೋದ. ಹೂಯಾ ಅಂಗೈ ಚಾಚಿದಳು. ಅವನು ಇಟ್ಟ. ಅವಳು ಬ್ಯಾಟರಿ ಹೊರತೆಗೆದು, ಹಣ್ಣಿನ ಸ್ಟಿಕ್ಕರುಗಳನ್ನು ನೋಡಿ, ಒಂದು ಕ್ಷಣ ಅವನ ಮುಖ ನೋಡಿ, ಅವನ್ನು ಉಗುರಿನಿಂದ ಕೆರೆದಳು. ಬ್ಯಾಟರಿಯನ್ನು ತನ್ನ ಸ್ವೆಟರಿನ ಜೇಬಿಗೆ ಹಾಕಿಕೊಂಡಳು, ಖಾಲಿ ವೇಪನ್ನು ಗಂಡನ ಕೋಟಿನ ಜೇಬಿಗಿಟ್ಟು ಮೇಲಿನಿಂದ ಎರಡು ಸಲ ತಟ್ಟಿದಳು. ಸದ್ದು ಬರಲಿಲ್ಲ. ಅವಳಿಗೆ ಅಳು ಬಂದದ್ದು ಆಗ.

"ಹೋಗು," ಎಂದಳು, ಅಳುತ್ತಲೇ. "ಮಾತು ಮುಗಿಸು."

ಅವನು ಅಂಗಳದ ನಡುವಿಗೆ ಮರಳಿದ. ಜೇಬು ಹಗುರ, ತಲೆ ಖಾಲಿ, ಸಂಜೆಶಾಲೆಯ ಒಂದು ವಾಕ್ಯವೂ ಉಳಿದಿರಲಿಲ್ಲ. ಕಾಲು ನಡುಗುತ್ತಿತ್ತು. ಈಗ ಅದರಲ್ಲಿ ಅವಮಾನವಿರಲಿಲ್ಲ. ಅದು ಅಣ್ಣನಿಂದ ಬಂದ ನಡುಕ. ಎದುರಿಗೆ ಪಾರೆ ಅತ್ತೆ ಇನ್ನೂ ಮಂಡಿಗೆ ಕೈಯೂರಿ ಅರ್ಧಕ್ಕೆ ನಿಂತಿದ್ದಳು, ಹಾಡಿನ ಮೊದಲ ಉಸಿರು ತುಂಬಿಕೊಂಡ ಎದೆಯ ಸಮೇತ, ಅವಳ ಹಿಂದೆ ಹೆಂಗಸರ ಸಾಲೂ ಹಾಗೆಯೇ. ರೋಪಾಟ ಕಣ್ಣು ಮುಚ್ಚಿ, ಎಲ್ಲರ ಎದುರಿಗೇ, ಬರೀ ಗಾಳಿಯನ್ನು ಉದ್ದಕ್ಕೆ ಎಳೆದುಕೊಂಡ. ಆಮೇಲೆ ಪೆಟ್ಟಿಗೆಯ ಕಡೆ ತಿರುಗಿ, ಹಿರಿಯರ ಭಾಷೆಯಲ್ಲಿ, ಯಾರೂ ಹೇಳಿಕೊಡದ, ವ್ಯಾಕರಣ ಮೇಷ್ಟ್ರಿಗೆ ಮುಖ ತೋರಿಸಲಾಗದಷ್ಟು ತಪ್ಪಾದ ವಾಕ್ಯವೊಂದನ್ನು ಕೂಗಿದ: "ಸುಳ್ಳುಗಾರ ಅಣ್ಣ ನೀನು, ಹಾರು ಅಂದಿ ನಂಗೆ, ನಿಂಗೂ ಭಯವೇ ಇತ್ತು!"

ಪಾರೆ ಅತ್ತೆ ತುಂಬಿಕೊಂಡ ಉಸಿರನ್ನು ಹಾಗೇ ಹೊರಗೆ ಬಿಟ್ಟಳು. ಸ್ಕರ್ಟಿನ ನೆರಿಗೆ ಸರಿಮಾಡಿಕೊಂಡು, ಮತ್ತೆ ಕುಳಿತಳು.